ಬೆಣ್ಣೆಯ ಲೆಕ್ಕ ಬೇರೆ, ಚೀಸಿನ ಲೆಕ್ಕ ಬೇರೆ

ಹಾಲಿನ ಉತ್ಪನ್ನಗಳ ವ್ಯಾಪಾರದಲ್ಲಿ ಕಳೆದ ಎರಡು ದಶಕಗಳಲ್ಲಿ ಉಂಟಾಗಿರುವ ಬದಲಾವಣೆಗಳಲ್ಲಿ ಚೀಸಿನ ಪ್ರವೇಶವು ಪ್ರಮುಖವಾದುದು. ಹಿಂದೊಮ್ಮೆ ಮಹಾನಗರಗಳ ಕೆಲವೇ ಅಂಗಡಿಗಳಲ್ಲಿ ತಗಡಿನ ಡಬ್ಬಿಗಳಲ್ಲಿ ದೊರೆಯುತ್ತಿದ್ದ ಈ ಪದಾರ್ಥವು ಇಂದು ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಬೇಕರಿಗಳನ್ನೂ ಉಪಾಹಾರ ಮಂದಿರಗಳನ್ನೂ ತಲುಪಿದೆ. ಪಿಜ್ಜಾ, ಸ್ಯಾಂಡ್‌ವಿಚ್‌ಗಳ ಮಾತು ಹಾಗಿರಲಿ, ಬೆಣ್ಣೆ ದೋಸೆಯ ಪಕ್ಕದಲ್ಲಿ ಚೀಸ್ ದೋಸೆಯ ಹೆಸರೂ ದರಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಇದನ್ನು ಕಂಡು ಬೆಣ್ಣೆ, ತುಪ್ಪ, ಮೊಸರುಗಳನ್ನು ತಯಾರಿಸುತ್ತಿರುವ ಸಣ್ಣ ಡೇರಿ ಘಟಕಗಳ ಮಾಲೀಕರಲ್ಲಿ ಅನೇಕರು “ನಾವೂ ಚೀಸ್ ತಯಾರಿಕೆಗೆ ಇಳಿಯಬಾರದೇಕೆ?” ಎಂಬ ವಿಚಾರ ಮಾಡುತ್ತಿದ್ದಾರೆ. ವಿತರಕರಲ್ಲಿಯೂ ಬೆಣ್ಣೆಯ ಜೊತೆಗೆ ಚೀಸಿನ ಏಜೆನ್ಸಿ ಪಡೆಯುವ ಉತ್ಸಾಹ ಕಂಡುಬರುತ್ತಿದೆ.

ಉತ್ಸಾಹವು ಸ್ವಾಗತಾರ್ಹವೇ. ಆದರೆ ಈ ಉತ್ಸಾಹದ ಹಿಂದೆ ಒಂದು ತಪ್ಪು ಗ್ರಹಿಕೆ ಅಡಗಿದೆ. ಎರಡೂ ಹಾಲಿನಿಂದಲೇ ಆಗುತ್ತವೆ, ಎರಡೂ ಒಂದೇ ಶೀತಕದಲ್ಲಿ ಕುಳಿತಿರುತ್ತವೆ, ಎರಡಕ್ಕೂ ಒಂದೇ ದರದ ತೆರಿಗೆಯಿದೆ. ಆದ್ದರಿಂದ ಒಂದನ್ನು ಬಲ್ಲವನು ಇನ್ನೊಂದನ್ನೂ ನಿಭಾಯಿಸಬಲ್ಲನು ಎಂಬುದೇ ಆ ಗ್ರಹಿಕೆ. ವಾಸ್ತವದಲ್ಲಿ ಬೆಣ್ಣೆ ಮತ್ತು ಚೀಸ್ ಹಾಲಿನ ಎರಡು ಬೇರೆ ಬೇರೆ ಅಂಶಗಳಿಂದ ರೂಪುಗೊಳ್ಳುವ, ಎರಡು ಬೇರೆ ಬೇರೆ ರೀತಿಯ ಬಂಡವಾಳವನ್ನು ಬೇಡುವ ಉದ್ಯಮಗಳಾಗಿವೆ. ಇವೆರಡರ ಲಾಭ ನಷ್ಟವನ್ನು ನಿರ್ಧರಿಸುವುದು ತಯಾರಾದ ವಸ್ತುವಿಗಿಂತ ಹೆಚ್ಚಾಗಿ, ಅದನ್ನು ತಯಾರಿಸಿದ ಮೇಲೆ ಏನು ಉಳಿಯುತ್ತದೆ ಮತ್ತು ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದೇ ಎಂದು ಈ ಲೇಖನದಲ್ಲಿ ಪ್ರತಿಪಾದಿಸಲಾಗಿದೆ.

ಹೆಸರೇ ಹೇಳುವ ಅಂತರ

ಬೆಣ್ಣೆ ಎಂಬುದು ಅಚ್ಚಗನ್ನಡದ ಪದ. ‘ಬೆಳ್’ ಮತ್ತು ‘ನೆಯ್’ ಎಂಬೆರಡು ಪದಗಳು ಸೇರಿ ಆದ ಈ ಶಬ್ದಕ್ಕೆ ಬಿಳಿಯ ನೆಯ್, ಅಂದರೆ ಬಿಳಿಯ ಜಿಡ್ಡು ಎಂದೇ ಅರ್ಥ. ಬೆಣ್ಣೆಯೆಂದರೆ ಜಿಡ್ಡು ಎಂಬ ವಿಜ್ಞಾನವನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಇಟ್ಟಿದ್ದಾರೆ. ಚೀಸಿಗೆ ಕನ್ನಡದಲ್ಲಿ ಅಂತಹ ಹೆಸರಿಲ್ಲ. ನಿಘಂಟುಗಳಲ್ಲಿ ‘ಗಿಣ್ಣು’ ಎಂಬ ಅರ್ಥ ಕಾಣಸಿಗುತ್ತದೆಯಾದರೂ, ಗಿಣ್ಣು ಎಂಬುದು ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲನ್ನು ಕಾಯಿಸಿ ಗಟ್ಟಿಯಾಗಿಸಿದ ತಿನಿಸು. ಅದು ಚೀಸ್ ಅಲ್ಲ. ಪನೀರು ಚೀಸಿಗೆ ಸಮೀಪದ ಬಂಧುವಾದರೂ ಅದನ್ನು ಬಿಸಿ ಹಾಲಿಗೆ ಹುಳಿ ಬೆರೆಸಿ ಒಡೆಸಲಾಗುತ್ತದೆ. ಆದ್ದರಿಂದಲೇ ಪನೀರು ಕಾದ ಕಾವಲಿಯ ಮೇಲೆ ಕರಗುವುದಿಲ್ಲ, ಚೀಸ್ ಕರಗುತ್ತದೆ. ಹೆಸರಿಲ್ಲದ ವಸ್ತುವಿನ ಬಗೆಗೆ ಮಾರುಕಟ್ಟೆಯಲ್ಲಿ ತಿಳಿವಳಿಕೆಯೂ ಕಡಿಮೆಯಿರುವುದು ಸಹಜ. ಆ ಅರಿವಿನ ಕೊರತೆಯ ಬೆಲೆಯನ್ನು ತಯಾರಕನೂ ವರ್ತಕನೂ ತೆರಬೇಕಾಗಿ ಬರುತ್ತದೆ.

ಬೇರ್ಪಡಿಸುವ ಕೆಲಸ, ಹೆಪ್ಪುಗಟ್ಟಿಸುವ ಕೆಲಸ

ಹಾಲಿನಲ್ಲಿ ಕೊಬ್ಬು ಅತಿ ಸಣ್ಣ ಹನಿಗಳ ರೂಪದಲ್ಲಿ ಹರಡಿಕೊಂಡಿರುತ್ತದೆ. ಪ್ರತಿಯೊಂದು ಹನಿಯ ಸುತ್ತಲೂ ತೆಳುವಾದ ಪೊರೆಯಿರುತ್ತದೆ. ಕಡೆದಾಗ ಈ ಪೊರೆಗಳು ಒಡೆದು ಹನಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿ ತೇಲುತ್ತವೆ. ಇದೇ ಬೆಣ್ಣೆ. ಮನೆಯಲ್ಲಿ ಕಡೆಗೋಲು ಮಾಡುವ ಕೆಲಸವನ್ನೇ ಕಾರ್ಖಾನೆಯಲ್ಲಿ ಕೆನೆ ತೆಗೆಯುವ ಯಂತ್ರ ಹಾಗೂ ಕಡೆಯುವ ಯಂತ್ರಗಳು ಮಾಡುತ್ತವೆ. ಶೇ. 35 ರಿಂದ 40 ರಷ್ಟು ಕೊಬ್ಬಿರುವ ಕೆನೆಯನ್ನು ಪಾಶ್ಚರೀಕರಿಸಿ, ತಣಿಸಿ, ಸುಮಾರು 10 ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಡೆಯಲಾಗುತ್ತದೆ. ಬಳಿಕ ಮಜ್ಜಿಗೆಯನ್ನು ಬಸಿದು, ಬೆಣ್ಣೆಯನ್ನು ನಾದಿ, ಬೇಕಿದ್ದರೆ ಉಪ್ಪು ಬೆರೆಸಲಾಗುತ್ತದೆ. ಇಡೀ ಕೆಲಸವು ಯಾಂತ್ರಿಕವಾದುದು. ಇಂದು ಕಡೆದ ಬೆಣ್ಣೆಯನ್ನು ನಾಳೆ ಮಾರಬಹುದು.

ಚೀಸಿನ ಆಧಾರ ಕೊಬ್ಬಲ್ಲ, ಹಾಲಿನ ಪ್ರೋಟೀನು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ರಷ್ಟು ಭಾಗ ಕೇಸೀನ್ ಆಗಿರುತ್ತದೆ. ಹಾಲನ್ನು 30 ರಿಂದ 32 ಡಿಗ್ರಿಗೆ ಬೆಚ್ಚಗೆ ಮಾಡಿ, ಹುಳಿಯಾಗಿಸುವ ಸೂಕ್ಷ್ಮಾಣುಗಳ ಹೆಪ್ಪನ್ನೂ ರೆನೆಟ್ ಎಂಬ ಕಿಣ್ವವನ್ನೂ ಸೇರಿಸಿದಾಗ ಕೇಸೀನ್ ಬಲೆಯಂತೆ ಹೆಣೆದುಕೊಂಡು, ಕೊಬ್ಬನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಗಟ್ಟಿಯಾಗುತ್ತದೆ. ಈ ಗಡ್ಡೆಯನ್ನು ಕತ್ತರಿಸಿ, ಮೆಲ್ಲಗೆ ಬಿಸಿ ಮಾಡಿ, ನೀರನ್ನು ಬಸಿದು, ಉಪ್ಪು ಹಾಕಿ, ಒತ್ತಿ, ಚೆಡ್ಡರ್ ಜಾತಿಯದಾದರೆ ತಿಂಗಳುಗಟ್ಟಲೆ ಮಾಗಿಸಬೇಕಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಯಂತ್ರಕ್ಕಿಂತ ಹೆಚ್ಚಾಗಿ ಸೂಕ್ಷ್ಮಜೀವಿಗಳು. ಅವು ಕೆಲಸ ಮುಗಿಸುವ ವೇಗವನ್ನು ಯಜಮಾನನು ಇಷ್ಟ ಬಂದಂತೆ ಹೆಚ್ಚಿಸಲಾರನು.

ಇದರ ಫಲವು ಸಂಯೋಜನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 100 ಗ್ರಾಂ ಬೆಣ್ಣೆಯಲ್ಲಿ 80 ಗ್ರಾಂಗೂ ಹೆಚ್ಚು ಕೊಬ್ಬಿದ್ದು, ಪ್ರೋಟೀನು 1 ಗ್ರಾಂಗಿಂತಲೂ ಕಡಿಮೆ. 100 ಗ್ರಾಂ ಚೆಡ್ಡರ್ ಚೀಸಿನಲ್ಲಿ ಸುಮಾರು 33 ಗ್ರಾಂ ಕೊಬ್ಬು, ಸುಮಾರು 25 ಗ್ರಾಂ ಪ್ರೋಟೀನು, ಅದರ ಜೊತೆಗೆ ಸುಮಾರು 700 ಮಿಲಿಗ್ರಾಂ ಸುಣ್ಣಾಂಶವಿರುತ್ತದೆ. ಬೆಣ್ಣೆಯ ಖರೀದಿದಾರನು ಹಣ ಕೊಡುವುದು ಜಿಡ್ಡಿಗೆ. ಚೀಸಿನ ಖರೀದಿದಾರನು ಹಣ ಕೊಡುವುದು ಜಿಡ್ಡು ಮತ್ತು ಪ್ರೋಟೀನು ಎರಡಕ್ಕೂ.

ನೂರು ಲೀಟರ್ ಹಾಲಿನ ಲೆಕ್ಕ

ವ್ಯಾಪಾರಿಗೆ ಅಂಕಿಗಳ ಭಾಷೆಯೇ ಹೆಚ್ಚು ಹತ್ತಿರ. ಆದ್ದರಿಂದ ಶೇ. 4 ರಷ್ಟು ಕೊಬ್ಬಿರುವ 100 ಲೀಟರ್ ಹಸುವಿನ ಹಾಲನ್ನು ತೆಗೆದುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 40 ರೂ. ಎಂದು ಭಾವಿಸಿದರೆ ಹಾಲಿನ ಬೆಲೆ 4,000 ರೂ. ಆಗುತ್ತದೆ. ಓದುಗರು ತಮ್ಮ ತಮ್ಮ ಊರಿನ ದರವನ್ನು ಹಾಕಿಕೊಂಡು ಲೆಕ್ಕವನ್ನು ತಿದ್ದಿಕೊಳ್ಳಬಹುದು.

ಈ ಹಾಲಿನಲ್ಲಿರುವ ಕೊಬ್ಬು ಸುಮಾರು 4.1 ಕೆ.ಜಿ. ಬೇರ್ಪಡಿಸುವಲ್ಲಿ ಹಾಗೂ ಕಡೆಯುವಲ್ಲಿ ಆಗುವ ಅಲ್ಪ ನಷ್ಟವನ್ನು ಕಳೆದರೆ 4.8 ರಿಂದ 5 ಕೆ.ಜಿ. ಬೆಣ್ಣೆ ದೊರೆಯುತ್ತದೆ. ಬೆಣ್ಣೆಯನ್ನು ಕೆ.ಜಿ.ಗೆ 500 ರೂ.ನಂತೆ ಮಾರಿದರೂ ಬರುವುದು 2,450 ರೂ. ಆಸುಪಾಸು. ಅಂದರೆ ಹಾಲಿನ ಬೆಲೆಯೇ ಹುಟ್ಟುವುದಿಲ್ಲ! ಉಳಿದ 1,550 ರೂ. ಎಲ್ಲಿಂದ ಬರಬೇಕು? ಕೆನೆ ತೆಗೆದ ಮೇಲೆ ಉಳಿಯುವ ಸುಮಾರು 90 ಲೀಟರ್ ಕೆನೆರಹಿತ ಹಾಲಿನಿಂದ ಬರಬೇಕು. ಅದಕ್ಕೆ ಲೀಟರಿಗೆ ಕನಿಷ್ಠ 17 ರೂ. ಸಿಕ್ಕಿದರೆ ಮಾತ್ರ ಹಾಲಿನ ಹಣ ವಾಪಸಾಗುತ್ತದೆ. ವಿದ್ಯುತ್ತು, ಕೂಲಿ, ಪ್ಯಾಕಿಂಗ್ ವೆಚ್ಚಗಳು ಅದರ ಮೇಲಿನವು. ಕೆನೆರಹಿತ ಹಾಲನ್ನು ಮೊಸರು, ಮಜ್ಜಿಗೆ ಅಥವಾ ಪುಡಿಯನ್ನಾಗಿ ಮಾರುವ ದಾರಿಯಿಲ್ಲದವನು ಬೆಣ್ಣೆಯ ಉದ್ಯಮದಲ್ಲಿ ಉಳಿಯಲಾರನು. ನಮ್ಮ ಸಹಕಾರಿ ಡೇರಿಗಳು ಬೆಣ್ಣೆ ತುಪ್ಪಗಳ ಜೊತೆಯಲ್ಲಿಯೇ ಮೊಸರು, ಮಜ್ಜಿಗೆ ಹಾಗೂ ಹಾಲಿನ ಪುಡಿಯನ್ನೂ ಇಟ್ಟುಕೊಂಡಿರುವುದರ ಗುಟ್ಟು ಇದೇ ಆಗಿದೆ.

ಅದೇ 100 ಲೀಟರ್ ಹಾಲಿನಿಂದ ಚೆಡ್ಡರ್ ಜಾತಿಯ ಚೀಸ್ ಮಾಡಿದರೆ ಸುಮಾರು 10 ಕೆ.ಜಿ. ದೊರೆಯುತ್ತದೆ. ತೇವಾಂಶ ಹೆಚ್ಚಿರುವ ಮೊಸರೆಲ್ಲಾ ಚೀಸಾದರೆ ಇಳುವರಿ ತುಸು ಹೆಚ್ಚು. ಎಮ್ಮೆ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಅಧಿಕವಾಗಿರುವುದರಿಂದ ಇಳುವರಿ ಇನ್ನಷ್ಟು ಹೆಚ್ಚುತ್ತದೆ. ಚೆಡ್ಡರ್ ಚೀಸಿನ ಒಂದು ಕೆ.ಜಿ.ಗೆ ಹಾಲಿನ ಬೆಲೆಯೇ 400 ರೂ. ಆಯಿತು. ಬೆಣ್ಣೆಯಲ್ಲಿ ಹಾಲಿನ ಬೆಲೆಯನ್ನು ಎರಡು ವಸ್ತುಗಳ ಮೇಲೆ ಹಂಚಬಹುದು. ಚೀಸಿನಲ್ಲಿ ಬಹುತೇಕ ಎಲ್ಲ ಭಾರವೂ ಚೀಸಿನ ಮೇಲೆಯೇ ಬೀಳುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಮುಂದೆ ನೋಡೋಣ.

ಉಳಿಯುವುದು ಆಸ್ತಿಯೇ, ಹೊಣೆಯೇ?

ಚೀಸ್ ಮಾಡಿದ ಮೇಲೆ ಹಸಿರು ಹಳದಿ ಮಿಶ್ರಿತ ಬಣ್ಣದ ತಿಳಿನೀರು ಉಳಿಯುತ್ತದೆ. ಇದನ್ನು ಹಾಲೊಡಕು ಎನ್ನುತ್ತೇವೆ. ಉದ್ಯಮದಲ್ಲಿ ‘ವೇ’ ಎಂಬ ಹೆಸರೇ ರೂಢಿಯಲ್ಲಿದೆ. 100 ಲೀಟರ್ ಹಾಲಿಗೆ 85 ರಿಂದ 90 ಲೀಟರ್ ಹಾಲೊಡಕು ಬರುತ್ತದೆ. ಇದರಲ್ಲಿ ಶೇ. 5 ರ ಸಮೀಪದಷ್ಟು ಹಾಲಿನ ಸಕ್ಕರೆಯೂ, ಶೇ. 1 ಕ್ಕಿಂತ ಕಡಿಮೆ ಪ್ರೋಟೀನೂ ಇರುತ್ತವೆ. ಈ ಪ್ರೋಟೀನು ಉತ್ತಮ ಗುಣಮಟ್ಟದ್ದೇ. ವ್ಯಾಯಾಮಶಾಲೆಗಳಿಗೆ ಹೋಗುವ ಯುವಕರು ದುಬಾರಿ ಬೆಲೆಗೆ ಕೊಳ್ಳುವ ಪುಡಿಯ ಮೂಲ ಇದೇ ಹಾಲೊಡಕು. ಆದರೆ ಅದನ್ನು ಸೋಸಿ, ಬತ್ತಿಸಿ, ಒಣಗಿಸಿ ಪುಡಿಯಾಗಿಸುವ ಯಂತ್ರಗಳು ದಿನಕ್ಕೆ ಭಾರೀ ಪ್ರಮಾಣದ ಹಾಲೊಡಕು ದೊರೆಯುವ ಕಾರ್ಖಾನೆಗೆ ಮಾತ್ರ ಕಟ್ಟುತ್ತವೆ. 1,000 ಲೀಟರ್ ಹಾಲು ನಿಭಾಯಿಸುವ ಘಟಕಕ್ಕೆ ಅವು ಎಟುಕುವುದಿಲ್ಲ.

ಹಾಗೆಂದು ಚರಂಡಿಗೆ ಬಿಡುವಂತೆಯೂ ಇಲ್ಲ. ನೀರಿನಲ್ಲಿರುವ ಕೊಳೆಯುವ ಪದಾರ್ಥವು ಎಷ್ಟು ಆಮ್ಲಜನಕವನ್ನು ಹೀರುತ್ತದೆ ಎಂಬುದನ್ನು ಬಿ.ಓ.ಡಿ. ಎಂಬ ಮಾಪನದಿಂದ ಅಳೆಯುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಇದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಇದ್ದರೆ, ಹಾಲೊಡಕಿನಲ್ಲಿ 30,000 ಮಿಲಿಗ್ರಾಂಗೂ ಮೀರಿರುತ್ತದೆ. ದಿನಕ್ಕೆ 1,000 ಲೀಟರ್ ಹಾಲಿನಿಂದ ಚೀಸ್ ಮಾಡುವ ಸಣ್ಣ ಘಟಕವು ತನ್ನ ಹಾಲೊಡಕನ್ನು ಹಾಗೆಯೇ ಹೊರಬಿಟ್ಟರೆ, ಸುಮಾರು 600 ಜನರ ಗ್ರಾಮವೊಂದರ ಕೊಳಚೆಗೆ ಸಮನಾದ ಹೊರೆಯನ್ನು ಕೆರೆ ಕಾಲುವೆಗಳ ಮೇಲೆ ಹೇರಿದಂತಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಶುದ್ಧೀಕರಣ ಘಟಕದ ವೆಚ್ಚ ಇವೆಲ್ಲವೂ ಯೋಜನಾ ವರದಿಯ ಮೊದಲ ಪುಟದಲ್ಲಿಯೇ ಇರಬೇಕಾದವು. ಯಂತ್ರ ಬಂದಿಳಿದ ಮೇಲೆ ಯೋಚಿಸತಕ್ಕವಲ್ಲ.

ಬೆಣ್ಣೆಯ ತಯಾರಿಕೆಯಲ್ಲಿ ಉಳಿಯುವ ಕೆನೆರಹಿತ ಹಾಲು ಒಂದು ಆಸ್ತಿ. ಚೀಸಿನ ತಯಾರಿಕೆಯಲ್ಲಿ ಉಳಿಯುವ ಹಾಲೊಡಕು ಸಣ್ಣ ಉದ್ಯಮಿಯ ಪಾಲಿಗೆ ಒಂದು ಹೊಣೆ. ಇದನ್ನು ಪೂರ್ತಿಯಾಗಿ ಆಸ್ತಿಯಾಗಿಸಲಾಗದಿದ್ದರೂ ಹೊರೆಯನ್ನು ಹಗುರಗೊಳಿಸುವ ದಾರಿಗಳಿವೆ. ಹಾಲೊಡಕನ್ನು 85 ರಿಂದ 90 ಡಿಗ್ರಿಗೆ ಕಾಯಿಸಿ ಹುಳಿ ಸೇರಿಸಿದರೆ ಉಳಿದ ಪ್ರೋಟೀನು ಗಟ್ಟಿಯಾಗಿ ರಿಕೋಟಾ ಎಂಬ ಮೃದು ಚೀಸ್ ದೊರೆಯುತ್ತದೆ. ಹಣ್ಣಿನ ರಸ ಬೆರೆಸಿ ಪಾನೀಯ ಮಾಡಬಹುದು. ಬೇಕರಿಯಲ್ಲಿ ಹಿಟ್ಟು ಕಲಸಲು ನೀರಿನ ಬದಲು ಬಳಸಬಹುದು. ಸಮೀಪದ ಪಶುಪಾಲಕರಿಗೆ ಮೇವಿನ ಪೂರಕವಾಗಿ ಅದೇ ದಿನ ಒದಗಿಸಬಹುದು. ಇವುಗಳಲ್ಲಿ ಯಾವುದು ತನಗೆ ಸಾಧ್ಯ ಎಂಬುದನ್ನು ನಿರ್ಧರಿಸದೆ ಚೀಸಿನ ಕೆಲಸಕ್ಕೆ ಕೈಹಾಕಬಾರದು.

ಕಾಯುವುದಕ್ಕೂ ಬೆಲೆಯಿದೆ

ಎರಡನೆಯ ಅಂತರ ಕಾಲಕ್ಕೆ ಸಂಬಂಧಿಸಿದ್ದು. ಬೆಣ್ಣೆಯಲ್ಲಿ ತೊಡಗಿಸಿದ ಹಣವು ಒಂದೆರಡು ವಾರಗಳಲ್ಲಿ ತಿರುಗಿ ಬರಬಲ್ಲದು. ಸುಗ್ಗಿಯ ಕಾಲದ ಬೆಣ್ಣೆಯನ್ನು ಶೂನ್ಯಕ್ಕಿಂತ 18 ರಿಂದ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ತಿಂಗಳುಗಟ್ಟಲೆ ಕಾಯ್ದಿರಿಸುವುದುಂಟು. ಆದರೆ ಅದು ಮಾರಾಟಗಾರನ ಆಯ್ಕೆ. ಚೆಡ್ಡರ್ ಚೀಸಿನಲ್ಲಿ ಕಾಯುವುದು ಆಯ್ಕೆಯಲ್ಲ, ಅನಿವಾರ್ಯ. ರುಚಿ ಬರಬೇಕಾದರೆ 8 ರಿಂದ 10 ಡಿಗ್ರಿಯ ಕೋಣೆಯಲ್ಲಿ ಹಲವು ತಿಂಗಳು ಮಾಗಬೇಕು.

ದಿನಕ್ಕೆ 1,000 ಲೀಟರ್ ಹಾಲಿನಿಂದ 100 ಕೆ.ಜಿ. ಚೆಡ್ಡರ್ ಮಾಡಿ ಆರು ತಿಂಗಳು ಮಾಗಿಸುವ ಘಟಕವನ್ನು ಊಹಿಸಿಕೊಳ್ಳಿ. ಮೊದಲನೆಯ ಗಡ್ಡೆ ಮಾರಾಟಕ್ಕೆ ಸಿದ್ಧವಾಗುವ ಹೊತ್ತಿಗೆ ಕೋಣೆಯಲ್ಲಿ 18,000 ಕೆ.ಜಿ. ಚೀಸ್ ಕೂಡಿಬಿದ್ದಿರುತ್ತದೆ. ಮೇಲೆ ಹೇಳಿದ ದರದಲ್ಲಿ ಹಾಲಿನ ಬೆಲೆಯೊಂದೇ 72 ಲಕ್ಷ ರೂ. ಆಯಿತು. ಶೇ. 12 ರ ಬಡ್ಡಿಯಲ್ಲಿ ಇದು ವರ್ಷಕ್ಕೆ 8.64 ಲಕ್ಷ ರೂ.ಗಳ ಹೊರೆ. ಈ ಆರು ತಿಂಗಳೂ ಹಾಲು ಹಾಕಿದ ರೈತನಿಗೆ ವಾರಕ್ಕೋ ಪಕ್ಷಕ್ಕೋ ಹಣ ಸಂದಾಯವಾಗುತ್ತಲೇ ಇರಬೇಕು. ದಾಸ್ತಾನು ಕೆಟ್ಟರೆ, ತೇವ ಆರಿ ತೂಕ ಕಡಿಮೆಯಾದರೆ, ವಿದ್ಯುತ್ತು ಕೈಕೊಟ್ಟರೆ ಆಗುವ ನಷ್ಟ ಬೇರೆ. ದುಡಿಯುವ ಬಂಡವಾಳದ ಮಿತಿಯನ್ನು ತಿಂಗಳ ಲೆಕ್ಕದಲ್ಲಿ ಮಂಜೂರು ಮಾಡಿಸಿಕೊಂಡು ಬಂದ ಉದ್ಯಮಿಗೆ ಇದು ತಾಳಲಾರದ ಭಾರ.

ಜಗತ್ತಿನ ಉದ್ಯಮವು ಈ ತೊಡಕಿಗೆ ಎರಡು ಉತ್ತರಗಳನ್ನು ಕಂಡುಕೊಂಡಿದೆ. ಒಂದು, ಸಂಸ್ಕರಿತ ಚೀಸ್. 1911 ರಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಅವರು ಚೀಸನ್ನು ಲವಣಗಳೊಡನೆ ಕರಗಿಸಿ ಮತ್ತೆ ಅಚ್ಚು ಹಾಕುವ ವಿಧಾನವನ್ನು ಕಂಡುಹಿಡಿದರು. 1916 ರಲ್ಲಿ ಅಮೆರಿಕದ ಜೇಮ್ಸ್ ಕ್ರಾಫ್ಟ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಬಿಸಿ ಮಾಡಿದಾಗ ಸೂಕ್ಷ್ಮಜೀವಿಗಳ ಚಟುವಟಿಕೆ ನಿಲ್ಲುವುದರಿಂದ ಈ ಚೀಸ್ ಹೆಚ್ಚು ಕಾಲ ಬಾಳುತ್ತದೆ, ಹಳತು ಹೊಸತನ್ನು ಬೆರೆಸಿ ಏಕರೂಪದ ರುಚಿ ತರಲು ಸಾಧ್ಯವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಕ್ಯೂಬು, ಹಾಳೆ, ಡಬ್ಬಿಗಳಲ್ಲಿ ಬಹುಪಾಲು ಇದೇ ಜಾತಿಯವು. ಇನ್ನೊಂದು ಉತ್ತರ, ಮಾಗಿಸಬೇಕಾಗಿಲ್ಲದ ತಾಜಾ ಚೀಸುಗಳು. ಗಡ್ಡೆಯನ್ನು ಬಿಸಿನೀರಿನಲ್ಲಿ ಎಳೆದು ನಾದಿ ಮಾಡುವ ಮೊಸರೆಲ್ಲಾ ಇವುಗಳಲ್ಲಿ ಮುಖ್ಯವಾದುದು. ಸಣ್ಣ ಉದ್ಯಮಿಗೆ ತೆರೆದಿರುವ ಬಾಗಿಲು ಇದೆಂದು ನಮ್ಮ ಅಭಿಪ್ರಾಯ. ಬೆಂಗಳೂರಿನ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಸಂನ್ಯಾಸಿಗಳು ಇಟಲಿಯ ಮಾದರಿಯ ತಾಜಾ ಚೀಸುಗಳನ್ನು ತಯಾರಿಸಿ ಹೆಸರು ಗಳಿಸಿದುದು, ಸಣ್ಣ ಪ್ರಮಾಣದಲ್ಲಿಯೂ ಗುಣಮಟ್ಟ ಸಾಧ್ಯವೆಂಬುದಕ್ಕೆ ನಿದರ್ಶನವಾಗಿದೆ.

ಹಾಲು ಹೇಗಿರಬೇಕು?

ಬೆಣ್ಣೆಯು ಹಾಲಿನ ದೋಷಗಳನ್ನು ಸ್ವಲ್ಪಮಟ್ಟಿಗೆ ಸಹಿಸುತ್ತದೆ. ತುಸು ಹುಳಿಯಾದ ಕೆನೆಯ ಬೆಣ್ಣೆಗೂ ಗಿರಾಕಿಗಳಿದ್ದಾರೆ. ಬೊಂಬಾಯಿಯ ಗ್ರಾಹಕರು ಪೋಲ್ಸನ್ ಕಂಪನಿಯ ಹುಳಿ ಛಾಯೆಯ ಬೆಣ್ಣೆಗೆ ಒಗ್ಗಿಹೋಗಿದ್ದರಿಂದ, ಅಮುಲ್ ಸಂಸ್ಥೆಯ ತಾಜಾ ಕೆನೆಯ ಬೆಣ್ಣೆ ಆರಂಭದಲ್ಲಿ ಅವರಿಗೆ ಸಪ್ಪೆ ಎನಿಸಿದ ಸಂಗತಿಯನ್ನು ಡಾ. ವರ್ಗೀಸ್ ಕುರಿಯನ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಚೀಸ್ ಅಷ್ಟು ಉದಾರಿಯಲ್ಲ. ಕೆಚ್ಚಲು ಬಾವಿಗೆ ಔಷಧ ಪಡೆದ ಹಸುವಿನ ಹಾಲು ಅವಧಿಗೆ ಮುನ್ನವೇ ಡಬ್ಬಿಗೆ ಸೇರಿದರೆ, ಅದರಲ್ಲಿನ ಆಂಟಿಬಯಾಟಿಕ್ ಅಂಶವು ಚೀಸಿನ ಹೆಪ್ಪನ್ನೇ ಕೊಲ್ಲುತ್ತದೆ. ಇಡೀ ತೊಟ್ಟಿಯ ಹಾಲು ವ್ಯರ್ಥವಾಗುತ್ತದೆ. ಅದೇ ಹಾಲಿನ ಕೆನೆಯಿಂದ ಬೆಣ್ಣೆ ಕಡೆಯುವಲ್ಲಿ ತೊಡಕು ಕಾಣಿಸಿಕೊಳ್ಳದು. ಆದರೆ ಔಷಧದ ಶೇಷವು ಕಾನೂನಿನ ಮಿತಿ ಮೀರಿರಬಾರದೆಂಬ ನಿಯಮವು ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಆದ್ದರಿಂದ ಚೀಸ್ ಮಾಡಬಯಸುವವನು ಜಿಡ್ಡು ಅಳೆಯುವ ಯಂತ್ರದಿಂದಷ್ಟೇ ತೃಪ್ತನಾಗದೆ, ಹಾಲು ಹಾಕುವ ರೈತರ ಪರಿಚಯವನ್ನೂ ಅವರ ದನಗಳ ಆರೋಗ್ಯದ ಮಾಹಿತಿಯನ್ನೂ ಇಟ್ಟುಕೊಂಡಿರಬೇಕು. ಈ ವಿಷಯದಲ್ಲಿ ದೂರದ ಊರುಗಳಿಂದ ಮಿಶ್ರ ಹಾಲು ತರಿಸುವ ದೊಡ್ಡ ಕಾರ್ಖಾನೆಗಿಂತ, ಇಪ್ಪತ್ತು ಮೂವತ್ತು ರೈತರಿಂದ ನೇರವಾಗಿ ಹಾಲು ಪಡೆಯುವ ಸಣ್ಣ ಘಟಕಕ್ಕೆ ಅನುಕೂಲವೇ ಹೆಚ್ಚು.

ಕಾನೂನು ಮತ್ತು ವರ್ತಕನ ಹೊಣೆ

ತಯಾರಕರಷ್ಟೇ ಎಚ್ಚರಿಕೆ ವರ್ತಕರಿಗೂ ಅವಶ್ಯವಾಗಿದೆ. ಆಹಾರ ಸುರಕ್ಷತಾ ಹಾಗೂ ಗುಣಮಟ್ಟ ನಿಯಮಾವಳಿಗಳ ಪ್ರಕಾರ ಟೇಬಲ್ ಬೆಣ್ಣೆಯಲ್ಲಿ ಹಾಲಿನ ಕೊಬ್ಬು ಶೇ. 80 ಕ್ಕಿಂತ ಕಡಿಮೆಯಿರಬಾರದು. ಅಡುಗೆಗೆ ಬಳಸುವ ಬಿಳಿ ಬೆಣ್ಣೆಯಲ್ಲಿ ಶೇ. 76 ಕ್ಕಿಂತ ಕಡಿಮೆಯಿರಬಾರದು. ಬೆಣ್ಣೆಯ ಅಳತೆಗೋಲು ಹೀಗೆ ಸರಳ. ಚೀಸಿನ ಅಳತೆಗೋಲು ಅಷ್ಟು ಸರಳವಲ್ಲ. ಅಲ್ಲಿ ತೇವಾಂಶದ ಗರಿಷ್ಠ ಮಿತಿಯನ್ನೂ, ತೇವವನ್ನು ಕಳೆದು ಉಳಿಯುವ ಒಣ ಭಾಗದಲ್ಲಿರಬೇಕಾದ ಕೊಬ್ಬಿನ ಕನಿಷ್ಠ ಮಿತಿಯನ್ನೂ ಬೇರೆ ಬೇರೆಯಾಗಿ ಹೇಳಲಾಗಿದೆ. ಚೆಡ್ಡರ್ ಚೀಸಿಗೆ ತೇವಾಂಶ ಶೇ. 39, ಒಣ ಆಧಾರದ ಕೊಬ್ಬು ಶೇ. 48. ಸಂಸ್ಕರಿತ ಚೀಸಿಗೆ ಇವು ಶೇ. 47 ಮತ್ತು ಶೇ. 40. ಸಂಸ್ಕರಿತ ಚೀಸಿನಲ್ಲಿ ಶೇ. 40 ರಷ್ಟು ಕೊಬ್ಬಿದೆಯೆಂದು ತಿಳಿಯುವುದು ತಪ್ಪು. 100 ಗ್ರಾಂನಲ್ಲಿ 47 ಗ್ರಾಂ ನೀರು ಹೋದರೆ ಉಳಿಯುವ ಒಣ ಭಾಗ 53 ಗ್ರಾಂ, ಅದರ ಶೇ. 40 ಎಂದರೆ ಸುಮಾರು 21 ಗ್ರಾಂ ಮಾತ್ರ. ಎರಡು ಚೀಸುಗಳ ಬೆಲೆಯನ್ನು ಹೋಲಿಸುವಾಗ ತೂಕವನ್ನಷ್ಟೇ ನೋಡದೆ ತೇವಾಂಶವನ್ನೂ ನೋಡಬೇಕೆಂಬುದು ಇದರಿಂದ ವೇದ್ಯವಾಗುತ್ತದೆ. ನೀರಿಗೆ ಚೀಸಿನ ಬೆಲೆ ಕೊಡುವ ವರ್ತಕನಿಗೆ ಲಾಭವೆಲ್ಲಿಂದ ಬರಬೇಕು?

ನಮ್ಮ ದೇಶದ ನಿಯಮದಂತೆ ಚೀಸನ್ನು ಪ್ರಾಣಿಜನ್ಯವಲ್ಲದ ರೆನೆಟ್ ಅಥವಾ ಇತರ ಸೂಕ್ತ ವಸ್ತುಗಳಿಂದಲೇ ಹೆಪ್ಪುಗಟ್ಟಿಸಬೇಕು. ಹಿಂದಿನ ಕಾಲದಲ್ಲಿ ವಿದೇಶಗಳಲ್ಲಿ ಕರುವಿನ ಜಠರದಿಂದ ಪಡೆಯುತ್ತಿದ್ದ ರೆನೆಟ್ ಬದಲಿಗೆ ಶಿಲೀಂಧ್ರಗಳಿಂದಲೂ ಹುದುಗುವಿಕೆಯಿಂದಲೂ ಪಡೆಯುವ ಕಿಣ್ವಗಳು ಇಂದು ಬಳಕೆಯಲ್ಲಿವೆ. “ಇದು ಸಸ್ಯಾಹಾರವೇ?” ಎಂದು ಕೇಳುವ ಗಿರಾಕಿಗೆ ಉತ್ತರಿಸಲು ವರ್ತಕನಿಗೆ ಈ ವಿವರ ತಿಳಿದಿರಬೇಕು. ಬೆಣ್ಣೆಯ ವಿಷಯದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದೆಲ್ಲಕ್ಕಿಂತ ಗಂಭೀರವಾದುದು ಚೀಸಿನ ಹೆಸರಿನಲ್ಲಿ ಬರುವ ಅನುಕರಣ ಪದಾರ್ಥಗಳ ಪ್ರಶ್ನೆ. ಹಾಲಿನ ಕೊಬ್ಬಿನ ಬದಲಿಗೆ ತಾಳೆ ಎಣ್ಣೆ, ಪ್ರೋಟೀನಿನ ಬದಲಿಗೆ ಪಿಷ್ಟ ಸೇರಿಸಿ ಕರಗುವ ಗುಣ ಬರಿಸಿದ ಪದಾರ್ಥವನ್ನು ಕಾನೂನು ‘ಅನಲಾಗ್’ ಎಂದು ಗುರುತಿಸುತ್ತದೆ. ಅದನ್ನು ಅದರದೇ ಹೆಸರಿನಲ್ಲಿ ಮಾರುವುದು ಅಪರಾಧವಲ್ಲ. ಚೀಸ್ ಎಂದು ಮಾರುವುದು ಅಪರಾಧ. ಬೆಣ್ಣೆಯ ಕಲಬೆರಕೆಯನ್ನು ಕಾಯಿಸಿ, ಮೂಸಿ ನೋಡಿ ಊಹಿಸಬಲ್ಲ ಅನುಭವಿಗಳು ನಮ್ಮಲ್ಲಿದ್ದಾರೆ. ತುರಿದು ಪೊಟ್ಟಣ ಕಟ್ಟಿದ ಚೀಸಿನ ವಿಷಯದಲ್ಲಿ ಅಂತಹ ಅನುಭವ ಇನ್ನೂ ಬೆಳೆದಿಲ್ಲ. ಹೀಗಾಗಿ ಲೆಕ್ಕವೇ ವರ್ತಕನಿಗೆ ಮೊದಲ ಪರೀಕ್ಷೆಯಾಗಬೇಕು. ಒಂದು ಕೆ.ಜಿ. ಮೊಸರೆಲ್ಲಾಗೆ 8 ರಿಂದ 10 ಲೀಟರ್ ಹಾಲು ಬೇಕು. ಅಷ್ಟು ಹಾಲಿನ ಸಗಟು ಬೆಲೆಗಿಂತ ಕಡಿಮೆಗೆ ಯಾರಾದರೂ ‘ಚೀಸ್’ ಕೊಡಲು ಬಂದರೆ, ಅದರಲ್ಲಿ ಹಾಲು ಎಷ್ಟಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

2006 ರ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಕಾಯ್ದೆಯ 51 ನೆಯ ಕಲಮು ಕಳಪೆ ಗುಣಮಟ್ಟದ ಆಹಾರಕ್ಕೆ 5 ಲಕ್ಷ ರೂ.ವರೆಗೂ, 52 ನೆಯ ಕಲಮು ತಪ್ಪು ಹೆಸರಿನ ಆಹಾರಕ್ಕೆ 3 ಲಕ್ಷ ರೂ.ವರೆಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. 27 ನೆಯ ಕಲಮಿನ ಮೂಲಕ ವಿತರಕ ಹಾಗೂ ಮಾರಾಟಗಾರರಿಗೂ ಹೊಣೆ ನಿಗದಿಯಾಗಿದೆ. “ನಾನು ಮಾಡಿದ್ದಲ್ಲ, ಕೊಂಡು ಮಾರಿದ್ದು” ಎಂಬ ಮಾತು ಸಾಲದು. ಸರಬರಾಜುದಾರರಿಂದ ಲಿಖಿತ ಖಾತರಿ, ತಯಾರಕರ ಪರವಾನಗಿ ಸಂಖ್ಯೆಯಿರುವ ಬಿಲ್ಲು, ತಂಡದ ಸಂಖ್ಯೆ ಇವುಗಳನ್ನು ಇಟ್ಟುಕೊಳ್ಳುವುದು ವರ್ತಕರ ರಕ್ಷಣೆಗೆ ಅತ್ಯವಶ್ಯ.

ತೆರಿಗೆ ಮತ್ತು ಆಮದು

ಜಿ.ಎಸ್.ಟಿ. ಜಾರಿಯಾದ 2017 ರಿಂದ ಬೆಣ್ಣೆ ಮತ್ತು ಚೀಸ್ ಎರಡೂ ಶೇ. 12 ರ ದರದಲ್ಲಿದ್ದವು. 2025 ರ ಸೆಪ್ಟೆಂಬರ್ 22 ರಿಂದ ಎರಡನ್ನೂ ಶೇ. 5 ಕ್ಕೆ ಇಳಿಸಲಾಯಿತು. ಪೊಟ್ಟಣದ ಪನೀರಿಗೆ ತೆರಿಗೆ ಪೂರ್ಣ ರದ್ದಾಯಿತು. ಇದು ಸ್ವಾಗತಾರ್ಹ ಕ್ರಮ. ಆದರೆ ದರ ಒಂದೇ ಎಂಬ ಕಾರಣಕ್ಕೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಾರದು. ಬೆಣ್ಣೆಯ ಶೀರ್ಷಿಕೆ ಸಂಖ್ಯೆ 0405, ಚೀಸ್ ಮತ್ತು ಪನೀರಿನದು 0406. ಪನೀರು ಹಾಗೂ ಚೀಸು ಒಂದೇ ಶೀರ್ಷಿಕೆಯಲ್ಲಿದ್ದೂ ತೆರಿಗೆಯಲ್ಲಿ ಬೇರೆಯಾಗಿರುವುದರಿಂದ ಬಿಲ್ಲಿನಲ್ಲಿ ವಸ್ತುವಿನ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

ವಿದೇಶಿ ಪೈಪೋಟಿಯ ವಿಷಯದಲ್ಲಿ, ಹೈನುಗಾರರ ಹಿತದ ಪ್ರಶ್ನೆ ಪ್ರಮುಖವಾಗಿ ಚರ್ಚೆಗೆ ಬಂದ ಆರ್‌.ಸಿ.ಇ.ಪಿ. ಒಪ್ಪಂದದಿಂದ ಭಾರತವು 2019 ರ ನವೆಂಬರಿನಲ್ಲಿ ಹೊರಗುಳಿಯಿತು. 2025 ರ ಜುಲೈನಲ್ಲಿ ಬ್ರಿಟನ್ನಿನೊಡನೆ ಸಹಿ ಹಾಕಿದ ಒಪ್ಪಂದದಲ್ಲಿಯೂ ಹಾಲಿನ ಉತ್ಪನ್ನಗಳಿಗೆ ಸುಂಕದ ರಿಯಾಯಿತಿ ನೀಡಲಿಲ್ಲ. ಈ ರಕ್ಷಣೆ ಎಂದೆಂದಿಗೂ ಇರುತ್ತದೆಂದು ನಂಬಿ ಕೂರುವುದು ಜಾಣತನವಲ್ಲ. ರಕ್ಷಣೆಯಿರುವಾಗಲೇ ಗುಣಮಟ್ಟವನ್ನು ಗಳಿಸಿಕೊಳ್ಳುವುದು ಲೇಸು.

ಮುಂದಿನ ದಾರಿ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ನಮ್ಮಲ್ಲಿದೆ. ಚೀಸಿನ ವಿಷಯದಲ್ಲಿ ಬೇಕಾಗಿರುವ ತಿಳಿವಳಿಕೆ ನಮ್ಮ ಕೈಯಳತೆಯಲ್ಲಿಯೇ ಇದೆ. 1923 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, 1927 ರಲ್ಲಿ ಗಾಂಧೀಜಿಯವರೂ ಹೈನುಗಾರಿಕೆಯ ಪಾಠ ಕೇಳಿದ ಸಂಸ್ಥೆಯ ಪರಂಪರೆಯನ್ನು ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮುಂದುವರಿಸಿದೆ. ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜಿದೆ. ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ನಮ್ಮ ಉದ್ಯಮಿಗಳು ಯಂತ್ರ ಮಾರುವವರ ಕಿರುಹೊತ್ತಿಗೆಯನ್ನು ನಂಬಿ ಹಣ ಹೂಡುವ ಮೊದಲು ಇಂತಹ ಸಂಸ್ಥೆಗಳ ಬಾಗಿಲು ತಟ್ಟಬೇಕು.

ಬೆಣ್ಣೆ, ತುಪ್ಪಗಳ ಸಣ್ಣ ತಯಾರಕರು ಚೀಸಿಗಾಗಿ ಅವುಗಳನ್ನು ಕೈಬಿಡುವ ಅಗತ್ಯವಿಲ್ಲ. ಕೆನೆರಹಿತ ಹಾಲಿಗೆ ಉತ್ತಮ ಮಾರುಕಟ್ಟೆಯಿರುವ ಊರಿನಲ್ಲಿ ಬೆಣ್ಣೆಯೇ ಲೇಸು. ಹೋಟೆಲು, ಬೇಕರಿಗಳ ನಿಶ್ಚಿತ ಬೇಡಿಕೆಯೂ, ಪರಿಚಯದ ರೈತರ ಶುದ್ಧ ಹಾಲೂ, ಹಾಲೊಡಕಿಗೆ ಒಂದು ದಾರಿಯೂ ಇರುವಲ್ಲಿ ಮೊಸರೆಲ್ಲಾದಂತಹ ತಾಜಾ ಚೀಸನ್ನು ಪ್ರಯತ್ನಿಸಬಹುದು. ಮಾಗಿಸುವ ಚೀಸನ್ನು ಆರು ತಿಂಗಳ ಬಂಡವಾಳವನ್ನು ತಡೆದುಕೊಳ್ಳಬಲ್ಲವರಿಗೆ ಬಿಡುವುದೇ ಒಳಿತು.

ಈ ದಿಸೆಯಲ್ಲಿ ವಾಣಿಜ್ಯ ಮಂಡಳಿಗಳೂ ಕೈಗೊಳ್ಳಬಹುದಾದ ಕಾರ್ಯಗಳಿವೆ. ಹತ್ತಾರು ಸಣ್ಣ ಘಟಕಗಳ ಹಾಲೊಡಕನ್ನು ಒಂದೆಡೆ ಸಂಗ್ರಹಿಸಿ ಸಂಸ್ಕರಿಸುವ ಸಾಮೂಹಿಕ ಸೌಲಭ್ಯ ಕೇಂದ್ರಕ್ಕಾಗಿ ಸರ್ಕಾರವನ್ನು ಒತ್ತಾಯಿಸಬೇಕು. ಮಾಗುತ್ತಿರುವ ಚೀಸಿನ ದಾಸ್ತಾನನ್ನು ಅಡಮಾನವಾಗಿ ಸ್ವೀಕರಿಸಿ ದೀರ್ಘಾವಧಿಯ ದುಡಿಯುವ ಬಂಡವಾಳ ನೀಡುವಂತೆ ಬ್ಯಾಂಕುಗಳೊಡನೆ ಮಾತುಕತೆ ನಡೆಸಬೇಕು. ಅನಲಾಗ್ ಪದಾರ್ಥಗಳನ್ನು ಗುರುತಿಸುವ ಬಗೆಯನ್ನು ಕುರಿತು ವರ್ತಕರಿಗೆ ಕಾರ್ಯಾಗಾರಗಳನ್ನು ಏರ್ಪಡಿಸಬೇಕು. ಪ್ರಾಮಾಣಿಕವಾಗಿ ಹಾಲಿನಿಂದ ಚೀಸ್ ಮಾಡುವವನು ತಾಳೆ ಎಣ್ಣೆಯಿಂದ ‘ಚೀಸ್’ ಮಾಡುವವನೊಡನೆ ಬೆಲೆಯಲ್ಲಿ ಸ್ಪರ್ಧಿಸಬೇಕಾಗಿ ಬಂದರೆ ಮೊದಲು ಮುಳುಗುವವನು ಪ್ರಾಮಾಣಿಕನೇ. ಅವನ ಹಿಂದೆಯೇ ಅವನಿಗೆ ಹಾಲು ಹಾಕುವ ರೈತನೂ ಮುಳುಗುತ್ತಾನೆ. ಅದನ್ನು ತಡೆಯುವುದು ಸರ್ಕಾರದ ಅಧಿಕಾರಿಗಳ ಕರ್ತವ್ಯವಾಗಿರುವಂತೆಯೇ, ಸರಕು ಕೊಳ್ಳುವ ಮುನ್ನ ಹಾಲಿನ ಲೆಕ್ಕ ಹಾಕಿ ನೋಡುವ ಪ್ರತಿಯೊಬ್ಬ ವರ್ತಕನ ಕರ್ತವ್ಯವೂ ಆಗಿದೆ.